ಒಂದು ಆಲೆಮನೆಯ ಮರುನಿರ್ಮಾಣ: ನೆಲ, ಒಲೆ, ಕೊಪ್ಪರಿಗೆ ಎಂಬ ಕ್ರಮದಲ್ಲಿ

ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯನ್ನು ಆಹಾರ ಸುರಕ್ಷತಾ ಪರವಾನಗಿಗೆ ತಕ್ಕ ಬೆಲ್ಲದ ಘಟಕವನ್ನಾಗಿ ಮಾರ್ಪಡಿಸುವ ಕೆಲಸದ ಉಸ್ತುವಾರಿಯನ್ನು ನಾನು ವಹಿಸಿಕೊಂಡಿದ್ದೆ. ತಗಡಿನ ಚಪ್ಪರದ ಕೆಳಗೆ ಒಂದೇ ಕೊಪ್ಪರಿಗೆ, ನೆಲದೊಳಗೆ ತೋಡಿದ ಒಲೆ, ಕೈಗೆಟಕುವ ದೂರದಲ್ಲಿ ಗಾಣ, ಅದರ ಬದಿಯಲ್ಲೇ ಅಚ್ಚಿನ ಹಲಗೆಗಳು: ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎಲ್ಲೆಡೆ ಕಾಣುವ ಆಲೆಮನೆಯೇ ಇದು. ಮಾಲೀಕರು ಒಂದು ಕೊಪ್ಪರಿಗೆಯ ಬದಲು ಮೂರು ಕೊಪ್ಪರಿಗೆಗಳ ಒಲೆಯನ್ನೂ, ಅಚ್ಚು ಬೆಲ್ಲದ ಜೊತೆಗೆ ಪುಡಿ ಬೆಲ್ಲ ಮಾಡಿ ಪೊಟ್ಟಣ ಕಟ್ಟುವ ಅನುಕೂಲವನ್ನೂ, ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕವಾದ ಹೈಡ್ರೋಸ್ ಹಾಕದೆಯೇ ಒಪ್ಪುವ ಬಣ್ಣ ಬರುವಂತಹ ಶುಚಿಯಾದ ವ್ಯವಸ್ಥೆಯನ್ನೂ ಬಯಸಿದ್ದರು. ನಕ್ಷೆಯಿಂದ ಮೊದಲ ಹಂಗಾಮಿನ ಓಟದವರೆಗೆ ಕೆಲಸ ನಡೆದ ಬಗೆಯನ್ನು, ಇದೇ ಹಾದಿಯಲ್ಲಿ ಹೊರಟಿರುವ ಇತರ ಮಾಲೀಕರಿಗೂ ಎಂಜಿನಿಯರುಗಳಿಗೂ ನೆರವಾಗಲೆಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಇಂತಹ ಕೆಲಸಗಳು ಸಾಮಾನ್ಯವಾಗಿ ಯಂತ್ರಗಳ ದರಪಟ್ಟಿಯಿಂದ ಶುರುವಾಗುತ್ತವೆ, ಮತ್ತು ಅದಕ್ಕೆ ಕಾರಣವೂ ಇದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ, ಅಂದರೆ ಎಲ್ಲರೂ ಪಿಎಂಎಫ್‌ಎಂಇ ಎಂದು ಕರೆಯುವ ಯೋಜನೆಯಲ್ಲಿ, ಮಂಡ್ಯ ಜಿಲ್ಲೆಗೆ ಬೆಲ್ಲವೇ ಆಯ್ಕೆಯಾದ ಉತ್ಪನ್ನ. ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಹಾಯಧನ ಕೇಂದ್ರದ ಯೋಜನೆಯಿಂದ ಬಂದರೆ, ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ ಶೇಕಡ 15 ಸೇರಿಸಿ ಒಟ್ಟು ಶೇಕಡ 50, ಗರಿಷ್ಠ 15 ಲಕ್ಷ ಮಾಡಿತು. ರಾಜ್ಯದಲ್ಲಿ ಇದರ ಹೊಣೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್‌ನದು. ಆದರೆ ಅರ್ಹ ವೆಚ್ಚದಲ್ಲಿ ಕಟ್ಟಡ ಕಾಮಗಾರಿಯ ಪಾಲು ಶೇಕಡ 30ನ್ನು ಮೀರುವಂತಿಲ್ಲ, ಜಮೀನಿನ ಬೆಲೆ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಸಹಾಯಧನದ ಹಣ ಸಾಲದ ಕೊನೆಯ ಕಂತು ಬಿಡುಗಡೆಯಾದ ಮೂರು ವರ್ಷಗಳ ಬಳಿಕ, ಸಾಲದ ಖಾತೆ ಸರಿಯಾಗಿದ್ದು ಘಟಕ ನಡೆಯುತ್ತಿದ್ದರೆ ಮಾತ್ರ, ಸಾಲಕ್ಕೆ ಜಮೆಯಾಗುತ್ತದೆ. ಹೀಗಾಗಿ ಬ್ಯಾಂಕಿಗೆ ಕೊಡುವ ಕಡತದಲ್ಲಿ ಯಂತ್ರಗಳೇ ತುಂಬಿಕೊಂಡು ನೆಲ, ಚರಂಡಿ, ಗೋಡೆಗಳು ಕೊನೆಯ ಪುಟಕ್ಕೆ ಸರಿಯುತ್ತವೆ. ಕಡತದಲ್ಲಿ ಹಾಗಿದ್ದರೂ ಚಿಂತೆಯಿಲ್ಲ, ಆದರೆ ಕೆಲಸದ ಕ್ರಮವೂ ಹಾಗೆಯೇ ಆಗಿಬಿಟ್ಟರೆ ಘಟಕ ಕೆಡುತ್ತದೆ. ಗಾಣ ಸರಿಹೋಗದಿದ್ದರೆ ಬದಲಿಸಬಹುದು, ಪಂಪನ್ನೂ ಬದಲಿಸಬಹುದು. ಒಮ್ಮೆ ಹಾಕಿದ ಚರಂಡಿಯ ಇಳಿಜಾರನ್ನು ಬದಲಿಸಬೇಕಾದರೆ ಮೇಲಿರುವ ಎಲ್ಲವನ್ನೂ ಕೀಳಬೇಕು. ಆದ್ದರಿಂದ ತಿದ್ದಲು ಅತಿ ಕಷ್ಟವಾದದ್ದನ್ನು ಮೊದಲು ತೀರ್ಮಾನಿಸಿ ಮೊದಲು ಮುಗಿಸುವುದು, ತಿದ್ದಲು ಸುಲಭವಾದದ್ದನ್ನು ಕೊನೆಗೆ ತರಿಸುವುದು ಎಂಬ ನಿಯಮವನ್ನು ನಾವು ಮೊದಲ ಸಭೆಯಲ್ಲೇ ಬರೆದುಕೊಂಡೆವು.

ನಕ್ಷೆ

ಯಾವ ಯಂತ್ರದ ಹೆಸರನ್ನೂ ಬರೆಯದೆ, ಖಾಲಿ ಹಾಳೆಯ ಮೇಲೆ ಐದು ಬಣ್ಣದ ಗೆರೆಗಳನ್ನು ಎಳೆದೆವು: ಕಬ್ಬು ಬಂದು ಹಾಲಾಗಿ, ಪಾಕವಾಗಿ, ಬೆಲ್ಲವಾಗಿ ಹೊರಹೋಗುವ ದಾರಿ, ಸಿಪ್ಪೆ ಗಾಣದಿಂದ ಒಣಗುವ ಕಣಕ್ಕೂ ಅಲ್ಲಿಂದ ಒಲೆಗೂ ಹೋಗುವ ದಾರಿ, ಕೆಲಸಗಾರರು ಒಳಬರುವ ದಾರಿ, ತೊಳೆದ ನೀರು ಹೊರಹೋಗುವ ದಾರಿ, ಮಡ್ಡಿ (ಹಾಲು ಕಾಯುವಾಗ ಮೇಲೇಳುವ ಕೊಳೆ) ಮತ್ತು ಬೂದಿಯ ದಾರಿ. ಹಳೆಯ ಆಲೆಮನೆಯಲ್ಲಿ ಈ ಐದೂ ಗೆರೆಗಳು ಕೊಪ್ಪರಿಗೆಯ ಸುತ್ತಲಿನ ಒಂದೇ ಜಾಗದಲ್ಲಿ ಗಂಟುಬಿದ್ದಿದ್ದವು. ಒಲೆಗೆ ಸಿಪ್ಪೆ ಎತ್ತಿಹಾಕಿದ ಕೆಲಸಗಾರನೇ ಅದೇ ಕಾಲಿನಲ್ಲಿ ಅಚ್ಚಿನ ಹಲಗೆಯ ಬಳಿಗೆ ಬರುತ್ತಿದ್ದ. ಸಿಪ್ಪೆಯ ಧೂಳು ಗಾಳಿ ಬೀಸಿದ ಕಡೆಗೆಲ್ಲ ಹಾರಿ ತೆರೆದ ಪಾಕದ ಮೇಲೆ ಕೂರುತ್ತಿತ್ತು.

ಗಂಟನ್ನು ಬಿಡಿಸಲು ಒಂದು ದೊಡ್ಡ ತೀರ್ಮಾನ ಸಾಕಾಯಿತು. ಒಲೆಯ ಬಾಯಿಯನ್ನು ಕಟ್ಟಡದ ಹೊರಗೆ ಇರಿಸಿ, ಕೊಪ್ಪರಿಗೆಗಳನ್ನು ಒಳಗೆ ಇರಿಸಿ, ನಡುವೆ ಪೂರ್ಣ ಎತ್ತರದ ಗೋಡೆಯನ್ನು ಕಟ್ಟಿದೆವು. ಬೆಂಕಿ ನೋಡಿಕೊಳ್ಳುವವರು ಹೊರಗಿನವರು, ಪಾಕ ನೋಡಿಕೊಳ್ಳುವವರು ಒಳಗಿನವರು. ಪಾಕದ ಹದಕ್ಕೆ ತಕ್ಕಂತೆ ಬೆಂಕಿಯನ್ನು ಹೆಚ್ಚುಕಡಿಮೆ ಮಾಡಲು ಇಬ್ಬರೂ ಪರಸ್ಪರ ಕಾಣಿಸಬೇಕಲ್ಲ ಎಂಬ ಆಕ್ಷೇಪ ಪಾಕ ಇಳಿಸುವ ಹಿರಿಯರಿಂದ ಬಂತು. ಅದು ಸರಿಯಾದ ಆಕ್ಷೇಪವೇ ಆಗಿತ್ತು. ಮೂವತ್ತು ಹಂಗಾಮುಗಳಿಗಿಂತ ಹೆಚ್ಚು ಕಾಲ ಕೊಪ್ಪರಿಗೆಯ ಮುಂದೆ ನಿಂತ ಅವರ ಮಾತಿಗೆ ಅಷ್ಟು ತೂಕವಿತ್ತು. ಗೋಡೆಯಲ್ಲಿ ಬಿಗಿಯಾಗಿ ಕೂರಿಸಿದ ಗಾಜಿನ ಕಿಂಡಿಯೊಂದನ್ನೂ ಹಗ್ಗ ಎಳೆದರೆ ಹೊರಗೆ ಬಾರಿಸುವ ಗಂಟೆಯೊಂದನ್ನೂ ನಕ್ಷೆಗೆ ಸೇರಿಸಿದ ಮೇಲೆಯೇ ಅವರು ಒಪ್ಪಿದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನ ಬೆಲ್ಲದ ಪಾರ್ಕ್‌ಗೆ ಅವರನ್ನೂ ಮಾಲೀಕರನ್ನೂ ಕರೆದುಕೊಂಡು ಹೋಗಿ ಒಲೆ, ಕೊಪ್ಪರಿಗೆಗಳ ಜೋಡಣೆಯನ್ನು ತೋರಿಸಿದ್ದೂ ಈ ಹಂತದಲ್ಲೇ. ಕಾಗದದ ಮೇಲಿನ ನಕ್ಷೆಯನ್ನು ಓದುವ ಅಭ್ಯಾಸವಿಲ್ಲದವರಿಂದ ಅಭಿಪ್ರಾಯ ಪಡೆಯಬೇಕಾದರೆ ನೆಲದ ಮೇಲೆ ಸುಣ್ಣದಲ್ಲಿ ಅಳತೆಗೆ ತಕ್ಕಂತೆ ಗೆರೆ ಎಳೆದು ನಡೆದಾಡಿಸಬೇಕು. ನಾವು ಹಾಗೆಯೇ ಮಾಡಿದೆವು, ಮತ್ತು ಅಚ್ಚಿನ ಕೋಣೆಯ ಬಾಗಿಲು ಎರಡು ಅಡಿ ಪಕ್ಕಕ್ಕೆ ಸರಿದದ್ದು ಆ ನಡೆದಾಟದಿಂದಲೇ.

ವೇಳಾಪಟ್ಟಿ

ಮಂಡ್ಯದ ಆಲೆಮನೆಗಳು ವರ್ಷದ ಬಹುಕಾಲ ನಡೆಯುತ್ತವೆ, ಮಳೆಗಾಲದಲ್ಲಿ ಮಾತ್ರ ಕುಂಟುತ್ತವೆ. ಗಾಣದಿಂದ ಹೊರಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬಿಸಿಲಿಲ್ಲದೆ ಅದು ಒಣಗುವುದಿಲ್ಲ, ಒಣಗದೆ ಉರಿಯುವುದಿಲ್ಲ. ಹಾಗಾಗಿ ಘಟಕವನ್ನು ನಿಲ್ಲಿಸಿ ಕೆಲಸ ಮಾಡಲು ಸಿಗುವ ಸಹಜ ಬಿಡುವು ಮಳೆಗಾಲವೇ. ತೊಡಕೆಂದರೆ, ಹೊಸ ಒಲೆಯ ಇಟ್ಟಿಗೆ ಕೆಲಸಕ್ಕೂ ಗಾರೆ ಒಣಗುವುದಕ್ಕೂ ಅತ್ಯಂತ ಕೆಟ್ಟ ಕಾಲವೂ ಅದೇ. ಯಂತ್ರಗಳಿಗೆ ಮುಂಗಡ ಕೊಟ್ಟು, ಅವು ಬರುವ ದಿನಕ್ಕೆ ಸರಿಯಾಗಿ ಉಳಿದ ಕೆಲಸಗಳನ್ನು ಹೊಂದಿಸುವ ವೇಳಾಪಟ್ಟಿಗಳು ಈ ತೊಡಕನ್ನು ಗಮನಿಸುವುದೇ ಇಲ್ಲ.

ನಾವು ವೇಳಾಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಬರೆದೆವು. ಗಣೇಶನ ಹಬ್ಬದ ಹೊತ್ತಿಗೆ ಬೆಲ್ಲಕ್ಕೆ ಬೇಡಿಕೆ ಏರುವುದರಿಂದ ಅದಕ್ಕಿಂತ ಮುಂಚೆ ಮಾರಾಟಕ್ಕೆ ಯೋಗ್ಯವಾದ ಬೆಲ್ಲ ಹೊರಬರಬೇಕು. ಅದಕ್ಕೆ ಮೊದಲು ಪರೀಕ್ಷಾ ಓಟ. ಅದಕ್ಕೆ ಮೊದಲು ಪೈಪು, ವಿದ್ಯುತ್ತು. ಅದಕ್ಕೆ ಮೊದಲು ಕೊಪ್ಪರಿಗೆ ಕೂರಿಸುವುದು. ಕೊಪ್ಪರಿಗೆ ಕೂರಬೇಕಾದರೆ ಒಲೆ ಪೂರ್ತಿ ಒಣಗಿರಬೇಕು. ಈ ಲೆಕ್ಕದಲ್ಲಿ ಒಲೆಯ ಇಟ್ಟಿಗೆ ಕೆಲಸ ಏಪ್ರಿಲ್‌ನಲ್ಲೇ ಆರಂಭವಾಗಬೇಕಿತ್ತು, ಅಂದರೆ ಹಳೆಯ ಒಲೆ ಇನ್ನೂ ಉರಿಯುತ್ತಿರುವಾಗಲೇ. ಆದಕಾರಣ ಹೊಸ ಒಲೆಯನ್ನು ಹಳೆಯದರ ಜಾಗದಲ್ಲಿ ಕಟ್ಟದೆ ಪಕ್ಕದ ಖಾಲಿ ಜಾಗಕ್ಕೆ ಒಯ್ದು, ಮೇಲೆ ಮೊದಲು ಚಾವಣಿ ಹಾಕಿಸಿ, ಬೇಸಿಗೆಯ ಬಿಸಿಲನ್ನು ಬಳಸಿಕೊಂಡೆವು. ಮಳೆಗಾಲಕ್ಕೆ ಉಳಿದದ್ದು ಒಳಗಿನ ನೆಲ, ಗೋಡೆಯ ಟೈಲು, ಪೈಪು ಬೆಸುಗೆಯಂತಹ, ಸೂರಿನಡಿಯಲ್ಲಿ ನಡೆಯುವ ಕೆಲಸಗಳು. ಕಡಿತದ ಸರದಿ ಕಾಯುತ್ತಿದ್ದ ರೈತರ ಕಬ್ಬು ಯಾವಾಗ ಮುಗಿಯುತ್ತದೆಂದು ಮಾಲೀಕರು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು, ಹಳೆಯ ಒಲೆ ಆರಿಸುವ ದಿನವನ್ನು ಗೊತ್ತುಮಾಡಿದರು. ಆಹಾರ ಘಟಕದ ಕೆಲಸದಲ್ಲಿ ಕಚ್ಚಾ ಮಾಲು ಕೊಡುವವರ ಪಂಚಾಂಗವನ್ನು ಮೊದಲು ನೋಡಬೇಕು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ಅದರೊಳಗಿನ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗಲು ಒಲ್ಲದು, ಮತ್ತು ಅದರ ನಷ್ಟವನ್ನು ರೈತನೂ ಮಾಲೀಕನೂ ಇಬ್ಬರೂ ಹೊರಬೇಕಾಗುತ್ತದೆ.

ಪ್ರತಿ ಸೋಮವಾರ ಬೆಳಗ್ಗೆ ಕಾಮಗಾರಿಯ ಸ್ಥಳದಲ್ಲೇ ನಿಂತು ಸಭೆ ನಡೆಯುತ್ತಿತ್ತು. ಯಾರು ಯಾವ ಬದಲಾವಣೆ ಕೇಳಿದರೂ ಅದನ್ನು ಒಂದು ಚೀಟಿಯಲ್ಲಿ ಬರೆದು, ಹಣ ಎಷ್ಟು, ಸಮಯ ಎಷ್ಟು, ಬೇರೆ ಯಾವ ಕೆಲಸಕ್ಕೆ ತಾಗುತ್ತದೆ ಎಂಬುದನ್ನು ನಮೂದಿಸಿ ಮಾಲೀಕರ ಸಹಿ ಪಡೆಯುತ್ತಿದ್ದೆವು. ಬಾಯಿಮಾತಿನಲ್ಲಿ ಮೇಸ್ತ್ರಿಗೆ ಹೇಳಿದ ಬದಲಾವಣೆಗೆ ಬೆಲೆಯಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದ್ದರಿಂದ ಬಿಲ್ಲು ಕೊಡುವ ದಿನ ಜಗಳವಾಗಲಿಲ್ಲ. ಒಟ್ಟು ವೆಚ್ಚದ ಹತ್ತನೆಯ ಒಂದು ಪಾಲನ್ನು ಯಾವ ಬಾಬ್ತಿಗೂ ಸೇರಿಸದೆ ತೆಗೆದಿಟ್ಟಿದ್ದೆವು; ಅದರಲ್ಲಿ ಹೆಚ್ಚಿನದು ನೆಲಕ್ಕೇ ಹೋಯಿತು.

ನೆಲ ಮತ್ತು ಚರಂಡಿ

ಹಳೆಯ ಆಲೆಮನೆಯ ಸಿಮೆಂಟ್ ನೆಲವನ್ನು ಗಾಣದ ಬಳಿ ಬೆರಳಿನಿಂದ ಉಜ್ಜಿದರೆ ಮರಳು ಉದುರುತ್ತಿತ್ತು. ಚೆಲ್ಲಿದ ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಹುಳಿತಾಗ ಹುಟ್ಟುವ ಆಮ್ಲ ಸಿಮೆಂಟಿನೊಳಗಿನ ಸುಣ್ಣವನ್ನು ಕರಗಿಸುತ್ತದೆ. ಸಿಮೆಂಟ್ ಹೋದ ಕಡೆ ಕುಳಿ ಬೀಳುತ್ತದೆ, ಕುಳಿಯಲ್ಲಿ ಮತ್ತೆ ಹಾಲು ನಿಂತು ಮತ್ತೆ ಹುಳಿಯುತ್ತದೆ, ನೊಣಗಳು ಮುತ್ತುತ್ತವೆ. ಗುತ್ತಿಗೆದಾರರು ಮೊದಲು ಸೂಚಿಸಿದ್ದು ಕೋಟಾ ಕಲ್ಲನ್ನು. ಅದು ನೋಡಲು ಚೆನ್ನ, ಬೆಲೆಯೂ ಕಡಿಮೆ, ಆದರೆ ಕೋಟಾ ಕಲ್ಲು ಸುಣ್ಣದ ಕಲ್ಲೇ ಆದ್ದರಿಂದ ಸಿಮೆಂಟಿಗೆ ಆದ ಗತಿಯೇ ನಿಧಾನವಾಗಿ ಅದಕ್ಕೂ ಆಗುತ್ತದೆ. ತೆಳುವಾದ ಎಪಾಕ್ಸಿ ಲೇಪನವನ್ನೂ ಪರಿಶೀಲಿಸಿ ಬಿಟ್ಟೆವು, ಏಕೆಂದರೆ ಕುದಿಯುವ ಪಾಕ ಚೆಲ್ಲಿದರೆ ಅದು ಗುಳ್ಳೆಯೆದ್ದು ಕಿತ್ತುಬರುತ್ತದೆ. ಪಾಲಿಯುರಿಥೇನ್ ಕಾಂಕ್ರೀಟು ಈ ಕೆಲಸಕ್ಕೆ ನಿಜಕ್ಕೂ ಒಳ್ಳೆಯದು, ಆದರೆ ಬಿಸಿಯನ್ನು ತಾಳುವಷ್ಟು ದಪ್ಪವಾಗಿ ಹಾಕಿಸಲು ನಮ್ಮ ಹಣ ಸಾಲಲಿಲ್ಲ.

ಕೊನೆಗೆ ಆರಿಸಿಕೊಂಡದ್ದು ನಮ್ಮ ಸಾದರಹಳ್ಳಿಯ ಬೂದು ಗ್ರಾನೈಟ್. ಆಮ್ಲಕ್ಕೂ ಬಿಸಿಗೂ ಜಗ್ಗದ ಕಲ್ಲು ಇಷ್ಟು ಹತ್ತಿರದಲ್ಲಿ ಸಿಗುವಾಗ ರಾಜಸ್ಥಾನದಿಂದ ಸುಣ್ಣದ ಕಲ್ಲನ್ನು ತರಿಸಬೇಕಾಗಿಲ್ಲ. ಕೊಪ್ಪರಿಗೆಯ ಸುತ್ತ ಕಾಲು ಜಾರದಂತೆ ಬೆಂಕಿಯಲ್ಲಿ ತರಿಯಾಗಿಸಿದ ಮೇಲ್ಮೈಯನ್ನೂ, ಉಳಿದೆಡೆ ತೊಳೆಯಲು ಸುಲಭವಾಗಲೆಂದು ನುಣುಪಾದ, ಆದರೆ ಹೊಳಪು ಕೊಡದ ಮೇಲ್ಮೈಯನ್ನೂ ಬಳಸಿದೆವು. ಕಲ್ಲು ಎಷ್ಟೇ ಗಟ್ಟಿಯಾದರೂ ಸಂದು ಸಿಮೆಂಟಿನದ್ದಾದರೆ ಆಮ್ಲ ಅಲ್ಲಿಂದ ಒಳಗಿಳಿಯುತ್ತದೆ. ಆದ್ದರಿಂದ ಸಂದುಗಳನ್ನೆಲ್ಲ ಎಪಾಕ್ಸಿಯಿಂದ ತುಂಬಿಸಿದೆವು. ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ, ಪೊರಕೆ ತಲುಪುವಂತೆ ದುಂಡಗೆ ಮಾಡಿಸಿದೆವು.

ಇಳಿಜಾರಿನ ವಿಷಯದಲ್ಲಿ ನಾನು ಯಾರ ಮಾತನ್ನೂ ನಂಬಲಿಲ್ಲ. ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು ಕೆಳಗಿನ ಕಾಂಕ್ರೀಟು ಹಾಕಿದ ಮೇಲೆ, ಕಲ್ಲು ಹಾಸುವ ಮೊದಲೇ ಇಡೀ ನೆಲದ ಮೇಲೆ ಬಕೆಟ್ಟುಗಳಲ್ಲಿ ನೀರು ಸುರಿಸಿದೆವು. ನೀರು ಹರಿದು ಹೋದ ಮೇಲೆ ಉಳಿದ ಮಡುಗಳ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಪ್ರತಿ ಮಡುವಿನ ನಡುವೆ ಒಂದು ರೂಪಾಯಿ ನಾಣ್ಯವನ್ನು ಮಲಗಿಸಿದೆವು. ನಾಣ್ಯ ಮುಳುಗಿದ ಕಡೆಯನ್ನೆಲ್ಲ ಕೆತ್ತಿ ಮತ್ತೆ ಗಾರೆ ಹಾಕುವಂತೆ ಹೇಳಿದೆವು. ಕಲ್ಲು ಹಾಸಿದ ಬಳಿಕ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಆ ಭಾಗದ ಬಿಲ್ಲನ್ನು ಅದಾದ ಮೇಲೆಯೇ ಪಾಸು ಮಾಡಿದೆವು. ಒಪ್ಪಂದದ ಪತ್ರದಲ್ಲೇ ಈ ಪರೀಕ್ಷೆಯನ್ನು ಬರೆದಿದ್ದರಿಂದ ಮೇಸ್ತ್ರಿಗೂ ಬೇಸರವಾಗಲಿಲ್ಲ.

ಚರಂಡಿಯ ನೀರು ಯಾವಾಗಲೂ ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ ಹರಿಯಬೇಕು: ಪೊಟ್ಟಣದ ಕೋಣೆಯಿಂದ ಕೊಪ್ಪರಿಗೆಯ ಕಡೆಗೆ, ಅಲ್ಲಿಂದ ಗಾಣದ ಕಡೆಗೆ, ಅಲ್ಲಿಂದ ಹೊರಗೆ. ನಿವೇಶನದ ಸಹಜ ಇಳಿಜಾರು ಇದಕ್ಕೆ ತಿರುಗಿ ಇತ್ತು. ಮಣ್ಣು ತುಂಬಿಸಿ ಪೊಟ್ಟಣದ ಕೋಣೆಯ ಮಟ್ಟವನ್ನು ಎತ್ತರಿಸಿದ ಖರ್ಚೇ ತೆಗೆದಿಟ್ಟ ಹಣದಲ್ಲಿ ದೊಡ್ಡ ಭಾಗವನ್ನು ನುಂಗಿತು, ಮತ್ತು ಆ ಖರ್ಚಿಗೆ ನಾನು ಇಂದಿಗೂ ಪೂರ್ಣ ಸಮ್ಮತಿ ಸೂಚಿಸುತ್ತೇನೆ. ಚರಂಡಿಯ ತಳವನ್ನು ಅರೆಗೊಳವೆಯಂತೆ ದುಂಡಗೆ ಮಾಡಿ, ಗೋಡೆಯಿಂದ ಹೊರಬೀಳುವ ಜಾಗದಲ್ಲಿ ನೀರು ನಿಲ್ಲುವ ಬಾಗುಪೈಪನ್ನೂ ಇಲಿ ನುಸುಳದ ಜಾಲರಿಯನ್ನೂ ಇಟ್ಟೆವು. ಹೊರಗೆ ನೀರು ತಂಗಿ ತಿಳಿಯಾಗುವ ತೊಟ್ಟಿಗಳಿವೆ. ಸಕ್ಕರೆ ಅಂಶವಿರುವ ತೊಳೆನೀರನ್ನು ನೇರವಾಗಿ ನಾಲೆಗೆ ಬಿಟ್ಟರೆ ಅದು ನೀರಿನೊಳಗಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತದೆ.

ಒಲೆ

ಬೆಂಕಿಯ ನೇರ ಮೇಲೆ ಪಾಕದ ಕೊಪ್ಪರಿಗೆ, ಬಿಸಿ ಹೊಗೆ ಚಿಮಣಿಗೆ ಹೋಗುವ ದಾರಿಯಲ್ಲಿ ಮಡ್ಡಿ ತೆಗೆಯುವ ಕೊಪ್ಪರಿಗೆ, ಅದರಾಚೆಗೆ ತಣ್ಣನೆಯ ಹಾಲನ್ನು ಬೆಚ್ಚಗಾಗಿಸುವ ಕೊಪ್ಪರಿಗೆ: ಮೂರು ಕೊಪ್ಪರಿಗೆಯ ಒಲೆಯ ತತ್ತ್ವ ಇಷ್ಟೇ. ಒಂದೇ ಕೊಪ್ಪರಿಗೆಯಿದ್ದಾಗ ಚಿಮಣಿಯಿಂದ ವ್ಯರ್ಥವಾಗಿ ಹೋಗುತ್ತಿದ್ದ ಶಾಖ ಈಗ ಮುಂದಿನ ಪಾಕದ ಹಾಲನ್ನು ಕಾಯಿಸುತ್ತದೆ, ಅಷ್ಟರಮಟ್ಟಿಗೆ ಸಿಪ್ಪೆ ಉಳಿಯುತ್ತದೆ.

ಒಳಗೋಡೆಗೆ ಬೆಂಕಿ ಇಟ್ಟಿಗೆ, ಹೊರಗೋಡೆಗೆ ಸಾಮಾನ್ಯ ಇಟ್ಟಿಗೆ, ನಡುವೆ ಹಿಗ್ಗಲು ಸಂದು. ಬೆಂಕಿ ಇಟ್ಟಿಗೆಯಲ್ಲೂ ದರ್ಜೆಗಳಿವೆ: ಭಾರತೀಯ ಮಾನಕಗಳಲ್ಲಿ ಐಎಸ್ 6 ಮಧ್ಯಮ ಶಾಖಕ್ಕೆ, ಐಎಸ್ 8 ಹೆಚ್ಚಿನ ಶಾಖಕ್ಕೆ. ಉರಿ ನೇರವಾಗಿ ತಾಗುವ ಕಡೆ ಎರಡನೆಯದನ್ನೂ ಹೊಗೆ ಹಾದಿಯಲ್ಲಿ ಮೊದಲನೆಯದನ್ನೂ ಬಳಸಿದೆವು. ಮನೆ ಕಟ್ಟುವ ಮೇಸ್ತ್ರಿಗಳು ಅಭ್ಯಾಸಬಲದಿಂದ ಬೆರಳು ದಪ್ಪದ ಗಾರೆ ಹಾಕುತ್ತಾರೆ. ಬೆಂಕಿ ಇಟ್ಟಿಗೆಯ ಸಂದು ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿರಬಾರದು, ಮತ್ತು ಗಾರೆ ಸಿಮೆಂಟಿನದ್ದಲ್ಲ, ಬೆಂಕಿಮಣ್ಣಿನದ್ದಾಗಿರಬೇಕು. ಇಟ್ಟಿಗೆಯನ್ನು ತೆಳುವಾದ ಬೆಂಕಿಮಣ್ಣಿನ ಕೆಸರಿನಲ್ಲಿ ಅದ್ದಿ, ಒಂದಕ್ಕೊಂದು ಉಜ್ಜಿ ಕೂರಿಸಿ, ಮರದ ಸುತ್ತಿಗೆಯಿಂದ ತಟ್ಟುವ ವಿಧಾನ ತಿಳಿದ ಮೇಸ್ತ್ರಿಯೊಬ್ಬರನ್ನು ಹುಡುಕಲು ಮಾಲೀಕರು ಬಹಳ ಓಡಾಡಿದರು. ಕೊಪ್ಪರಿಗೆಯ ಅಂಚು ಇಟ್ಟಿಗೆಯ ಮೇಲೆ ಕೂರುವಲ್ಲಿ ಸೆರಾಮಿಕ್ ನಾರಿನ ಹಗ್ಗವನ್ನು ಇಟ್ಟದ್ದರಿಂದ ಉಕ್ಕು ಹಿಗ್ಗಿದರೂ ಇಟ್ಟಿಗೆ ಸೀಳುವುದಿಲ್ಲ, ಹೊಗೆಯೂ ಒಳಕ್ಕೆ ನುಗ್ಗುವುದಿಲ್ಲ.

ಒಲೆಯನ್ನು ಒಣಗಿಸುವ ಕೆಲಸಕ್ಕೆ ಅವಸರ ಸಲ್ಲದು. ಹಸಿ ಗೋಡೆಗೆ ಒಮ್ಮೆಲೇ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಮೊದಲು ಗಾಳಿಗೆ ಬಿಟ್ಟು, ಆಮೇಲೆ ಸಣ್ಣ ಸೌದೆಯ ಬೆಂಕಿ ಹಾಕಿ, ರಾತ್ರಿಯೂ ಆರದಂತೆ ಕಾಯ್ದು, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದೆವು. ಗೋಡೆಯಲ್ಲಿ ಬಿಟ್ಟಿದ್ದ ಆವಿಕಿಂಡಿಗಳ ಮುಂದೆ ಬೆಂಕಿ ನೋಡಿಕೊಳ್ಳುವವರು ಬೆಳಗ್ಗೆ ಮತ್ತು ಸಂಜೆ ತಣ್ಣನೆಯ ಸ್ಟೀಲ್ ತಟ್ಟೆಯೊಂದನ್ನು ಹಿಡಿಯುತ್ತಿದ್ದರು. ತಟ್ಟೆಯ ಮೇಲೆ ಹನಿ ಕಟ್ಟುವುದು ನಿಲ್ಲುವವರೆಗೂ ಬೆಂಕಿಯನ್ನು ಮುಂದಿನ ಹಂತಕ್ಕೆ ಒಯ್ಯುವಂತಿರಲಿಲ್ಲ. ಎಲ್ಲ ಕಿಂಡಿಗಳ ಮುಂದೆಯೂ ತಟ್ಟೆ ಒಣಗಿಯೇ ಉಳಿದ ಮೇಲೆ ಕಿಂಡಿಗಳನ್ನು ಮುಚ್ಚಿ ಪೂರ್ಣ ಉರಿಗೆ ಅಪ್ಪಣೆ ಕೊಟ್ಟೆವು. ಚಿಮಣಿಯ ಬುಡದಲ್ಲಿ ಏರಿಳಿಸುವ ತಡೆತಗಡು ಇದೆ. ಪಾಕದ ಕೊಪ್ಪರಿಗೆಯನ್ನು ಎತ್ತಿದ ಹೊತ್ತಿನಲ್ಲಿ ಆ ತಗಡನ್ನು ಇಳಿಸಿ ಉರಿಯನ್ನು ತಗ್ಗಿಸಬೇಕು.

ಸ್ಟೀಲ್

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಸಾಲದು, 304 ದರ್ಜೆಯದ್ದೆಂದು ಆದೇಶದಲ್ಲಿ ಬರೆದರೂ ಸಾಲದು. ನಿಕ್ಕಲ್ ಕಡಿಮೆಯಿದ್ದು ಮ್ಯಾಂಗನೀಸ್ ಹೆಚ್ಚಿರುವ 200ರ ಸರಣಿಯ ತಗಡು ಅಗ್ಗ. ನೋಡಲು ಎರಡೂ ಒಂದೇ, ಅಯಸ್ಕಾಂತಕ್ಕೆ ಎರಡೂ ಹಿಡಿಯುವುದಿಲ್ಲ. ಅಯಸ್ಕಾಂತ ಇಟ್ಟು ನೋಡಿ ತೃಪ್ತರಾಗುವ ಮಾಲೀಕರು ಹೀಗೆಯೇ ಮೋಸಹೋಗುತ್ತಾರೆ. ನಾವು ತಯಾರಕರ ಕಾರ್ಖಾನೆಗೇ ಹೋಗಿ, ತಗಡಿನ ಮೇಲೆ ಅಚ್ಚಾಗಿದ್ದ ಹೀಟ್ ಸಂಖ್ಯೆಯನ್ನು, ಅಂದರೆ ಉಕ್ಕು ಯಾವ ಎರಕದ್ದೆಂದು ತಿಳಿಸುವ ಸಂಖ್ಯೆಯನ್ನು, ಗಿರಣಿಯ ಪ್ರಮಾಣಪತ್ರದ ಜೊತೆ ತಾಳೆನೋಡಿ, ಕತ್ತರಿಸಿದ ತುಂಡುಗಳ ಮೇಲೆ ಮ್ಯಾಂಗನೀಸ್ ಪರೀಕ್ಷೆಯ ದ್ರವದ ಹನಿಯಿಟ್ಟು ಬ್ಯಾಟರಿ ತಾಗಿಸಿ ಬಣ್ಣವನ್ನು ನೋಡಿದೆವು. ಹನಿ ಕೆಂಪಾದ ತುಂಡುಗಳು ಕೊಪ್ಪರಿಗೆಯಲ್ಲಲ್ಲ, ಹಾಲು ತಂಗುವ ತೊಟ್ಟಿಯ ಕಾಲುಗಳಿಗೆಂದು ಇಟ್ಟಿದ್ದ ಪೈಪಿನಲ್ಲಿ ಕಂಡವು. ಆಹಾರ ತಾಗದ ಭಾಗವಾದರೂ ದಿನವೂ ನೀರು ಬೀಳುವ ಜಾಗವಾದ್ದರಿಂದ ಅವನ್ನೂ ಬದಲಿಸಲು ಕೇಳಿ ಒಪ್ಪಿಸಿದೆವು.

ಸ್ಟೇನ್‌ಲೆಸ್ ಸ್ಟೀಲು ಸಾಮಾನ್ಯ ಕಬ್ಬಿಣದ ಮೂರನೆಯ ಒಂದು ಭಾಗದಷ್ಟು ಮಾತ್ರ ಶಾಖವನ್ನು ದಾಟಿಸುತ್ತದೆ. ಗಟ್ಟಿಯಾಗಿರಲೆಂದು ದಪ್ಪ ತಗಡು ಹಾಕಿಸಿದರೆ ಉರಿ ವ್ಯರ್ಥವಾಗುತ್ತದೆ. ಬಹಳ ತೆಳುವಾದರೆ ತಳ ಉಬ್ಬುತ್ತದೆ. ತಳಕ್ಕೆ ಮಧ್ಯಮ ದಪ್ಪವನ್ನು ಇರಿಸಿ, ಗಟ್ಟಿತನವನ್ನು ಅಂಚಿನ ಪಟ್ಟಿಯಿಂದ ಪಡೆದೆವು. ಒಳಬದಿಯ ಬೆಸುಗೆಯನ್ನೆಲ್ಲ ಆರ್ಗಾನ್ ಅನಿಲದಲ್ಲಿ ಮಾಡಿಸಿ, ಉಜ್ಜಿ ನುಣುಪಾಗಿಸಿ, ಬೆಸುಗೆಯ ಕಪ್ಪನ್ನು ಆಮ್ಲದಿಂದ ತೆಗೆಸಿದೆವು. ಪರೀಕ್ಷೆಗೆ ಹತ್ತಿಯ ಉಂಡೆಯೇ ಸಾಕು: ಅದನ್ನು ಬೆಸುಗೆಯ ಉದ್ದಕ್ಕೂ ಎಳೆದಾಗ ಎಳೆ ಸಿಕ್ಕಿಕೊಂಡರೆ ಅಲ್ಲಿ ಹಾಲು ಕೂರುತ್ತದೆಂದು ಅರ್ಥ. ಹಳೆಯ ಸತು ಲೇಪಿತ ತಟ್ಟೆಗಳನ್ನೂ ಪೈಪುಗಳನ್ನೂ ಪೂರ್ತಿ ತೆಗೆದುಹಾಕಿದೆವು, ಏಕೆಂದರೆ ಹುಳಿ ಗುಣದ ಕಬ್ಬಿನ ಹಾಲಿಗೆ ಸತು ಕರಗುತ್ತದೆ. ಪೈಪುಗಳಿಗೆ ತಿರುಪಿನ ಜೋಡಣೆಯ ಬದಲು ಕೈಯಿಂದ ಬಿಚ್ಚಿ ತೊಳೆಯಬಹುದಾದ ಕ್ಲಾಂಪುಗಳನ್ನು ಹಾಕಿ, ಹಾಲು ನಿಂತು ಕೊಳೆಯುವಂತಹ ಮೊಂಡು ತುದಿ ಎಲ್ಲೂ ಉಳಿಯದಂತೆ ನೋಡಿಕೊಂಡೆವು.

ಪಾಕದ ಕೊಪ್ಪರಿಗೆಯನ್ನು ಎತ್ತುವ ಚೈನ್ ಪುಲಿ ಪಾಕದ ನೇರ ಮೇಲೆಯೇ ತೂಗುತ್ತದೆ. ಅದಕ್ಕೆ ಆಹಾರ ದರ್ಜೆಯ ಗ್ರೀಸನ್ನು ಮಾತ್ರ ಹಚ್ಚುವುದೆಂದು ನಿಗದಿಮಾಡಿ, ಕೆಳಗೊಂದು ಸ್ಟೀಲ್ ತಟ್ಟೆಯನ್ನೂ ತೂಗುಹಾಕಿದೆವು. ಚಾವಣಿಯಲ್ಲಿ ಆವಿ ತಣಿದು ಹನಿಯಾಗಿ ಕೊಪ್ಪರಿಗೆಗೆ ತೊಟ್ಟಿಕ್ಕದಂತೆ ಮೂರೂ ಕೊಪ್ಪರಿಗೆಗಳ ಮೇಲೆ ಆವಿ ಹೀರುವ ಕವಚವನ್ನು ಹಾಕಿ, ಅದರ ಅಂಚಿಗೆ ಹನಿ ಹಿಡಿಯುವ ತೋಡು ಕೊಟ್ಟಿದ್ದೇವೆ. ವಿದ್ಯುತ್ ಕೆಲಸದ ಬಗ್ಗೆ ಒಂದೇ ಮಾತು: ಹೆಚ್ಚುವರಿ ಲೋಡಿನ ಅರ್ಜಿಯನ್ನು ನಕ್ಷೆ ಮುಗಿದ ವಾರವೇ ಹಾಕಬೇಕು.

ಮೊದಲ ಓಟ

ಮೊದಲು ನೀರು, ಆಮೇಲೆ ಸೋಡಾ ದ್ರಾವಣ, ಮತ್ತೆ ನೀರು, ಕೊನೆಗೆ ಹಾಲು ಎಂಬ ಕ್ರಮದಲ್ಲಿ ಇಡೀ ಘಟಕವನ್ನು ಓಡಿಸಿದೆವು. ಮೊದಲ ಪಾಕಗಳ ಬೆಲ್ಲವನ್ನು ಮಾರಾಟಕ್ಕೆ ಬಿಡುವುದಿಲ್ಲವೆಂದು ಮೊದಲೇ ಲೆಕ್ಕದಲ್ಲಿ ಬರೆದಿದ್ದೆವು.

ಹಾಲಿನ ಹುಳಿಯನ್ನು ತಗ್ಗಿಸಲು ಸುಣ್ಣದ ತಿಳಿನೀರು, ಮಡ್ಡಿ ಎತ್ತಲು ಬೆಂಡೆ ಗಿಡದ ಲೋಳೆ: ಇವು ಹಳೆಯ ಆಲೆಮನೆಯಲ್ಲೂ ಇದ್ದವು, ಹೊಸದರಲ್ಲೂ ಇವೆ. ಬದಲಾದದ್ದು ಅವಕ್ಕೆ ಸಿಗುವ ಸಮಯ. ಮೊದಲು ಉರಿಯ ಮೇಲೆಯೇ ಗಡಿಬಿಡಿಯಲ್ಲಿ ಮಡ್ಡಿ ತೆಗೆಯಬೇಕಿತ್ತು. ಈಗ ನಡುವಿನ ಕೊಪ್ಪರಿಗೆಯಲ್ಲಿ ಹಾಲು ನಿಧಾನವಾಗಿ ಕಾದು, ಕುದಿ ಬರುವ ಮುನ್ನವೇ ಮಡ್ಡಿ ದಪ್ಪ ಕೆನೆಯಾಗಿ ಮೇಲೆ ಬಂದು ಜಾಲರಿ ಸೌಟಿಗೆ ಪೂರ್ತಿಯಾಗಿ ಸಿಗುತ್ತದೆ. ಮಡ್ಡಿ ಚೆನ್ನಾಗಿ ಹೋದರೆ ಬಣ್ಣಕ್ಕಾಗಿ ಹೈಡ್ರೋಸಿನ ಮೊರೆಹೋಗಬೇಕಿಲ್ಲ. ಹೈಡ್ರೋಸಿನಿಂದ ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ಮೀರಬಾರದೆಂಬ ನಿಯಮವಿದ್ದರೂ, ಸೊನ್ನೆಯ ಹತ್ತಿರಕ್ಕೆ ಬರುವುದೇ ಈ ಘಟಕದ ಉದ್ದೇಶವಾಗಿತ್ತು, ಮತ್ತು ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಗಳು ಅದನ್ನು ಸಾಧಿಸಿವೆ. ಬಣ್ಣ ಬಂಗಾರದ ಹಳದಿಯಲ್ಲ, ಜೇನುಗಂದು. ಕೊಳ್ಳುವವರು ಅದನ್ನು ಒಪ್ಪುತ್ತಿದ್ದಾರೆ ಎಂಬುದು ನನಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಸಂಗತಿ.

ಪಾಕದ ಹದಕ್ಕೆ ಉಷ್ಣಮಾಪಕವನ್ನು ಹೊಂದಿಸುವಾಗ ಒಂದು ವಿಷಯ ಸ್ಪಷ್ಟವಾಗಿರಬೇಕು. ಅಚ್ಚು ಬೆಲ್ಲಕ್ಕೆ ಸುಮಾರು 118 ಡಿಗ್ರಿ, ಪುಡಿಗೆ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ಎಂದು ಕೈಪಿಡಿಗಳಲ್ಲಿ ಓದುತ್ತೇವೆ. ಆದರೆ ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ; ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅಷ್ಟೇ ಪ್ರಮಾಣದಲ್ಲಿ ಪಾಕದ ಕುದಿಯೂ ತಗ್ಗುತ್ತದೆ. ಕೈಪಿಡಿಯ ಅಂಕಿಯನ್ನು ಹಾಗೆಯೇ ಹಿಡಿದರೆ ಪಾಕ ಎರಡು ಡಿಗ್ರಿ ಹೆಚ್ಚು ಕಾಯ್ದು, ಅಚ್ಚು ಬೆಲ್ಲಕ್ಕೆಂದು ಇಟ್ಟದ್ದು ಪುಡಿಯ ಹದಕ್ಕೆ ಹೋಗುತ್ತದೆ. ಹಿರಿಯರು ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆ ಕಟ್ಟಿ, ಅದನ್ನು ಲೋಟದ ಅಂಚಿಗೆ ಬಡಿದು ಸದ್ದು ಕೇಳಿ "ಇಳ್ಸಿ ಸ್ವಾಮಿ" ಎಂದ ಪ್ರತಿ ಸಲವೂ ಮಾಪಕದ ಅಂಕಿಯನ್ನು ಬರೆದುಕೊಂಡೆವು. ಅಂಕಿಗಳು 116ರ ಸುತ್ತಲೇ ನಿಂತವು. ಆ ಅಂಕಿಯೇ ಈಗ ಗೋಡೆಯ ಮೇಲಿನ ಫಲಕದಲ್ಲಿದೆ; ಫಲಕ ಕನ್ನಡದಲ್ಲೂ ಹಿಂದಿಯಲ್ಲೂ ಇದೆ, ಏಕೆಂದರೆ ಕೊಪ್ಪರಿಗೆಯ ಬಳಿ ಕೆಲಸ ಮಾಡುವವರಲ್ಲಿ ಉತ್ತರ ಪ್ರದೇಶದಿಂದ ಬಂದವರೂ ಇದ್ದಾರೆ.

ಉಳಿದ ಕೆಲಸಗಳ ಪಟ್ಟಿಯಲ್ಲಿ ಇನ್ನೂ ಮೂರು ಬಾಬ್ತುಗಳಿವೆ. ಪುಡಿ ಜರಡಿಯ ಬಾಯಲ್ಲಿ ಅಯಸ್ಕಾಂತ ಕೂರಿಸಬೇಕು. ಅಚ್ಚಿನ ಕೋಣೆಯಲ್ಲಿ ಉಳಿದಿರುವ ಮರದ ಅಚ್ಚುಗಳ ಬದಲಿಗೆ ಆಹಾರ ದರ್ಜೆಯ ಅಚ್ಚುಗಳನ್ನು ತರಿಸಬೇಕು. ಬೆಲ್ಲ ಅಂಟದೆ ಬಿಡುವ ಗುಣದಲ್ಲಿ ಮರಕ್ಕೆ ಸಮನಾದದ್ದು ಈವರೆಗೆ ಸಿಕ್ಕಿಲ್ಲವಾದ್ದರಿಂದ ಎರಡು ಬಗೆಯನ್ನು ತರಿಸಿ ಹೋಲಿಸುತ್ತಿದ್ದೇವೆ. ಮುಂದಿನ ಮಳೆಗಾಲದ ಬಿಡುವಿನಲ್ಲಿ ಪಾಕದ ಕೊಪ್ಪರಿಗೆಯನ್ನು ಪೂರ್ತಿ ಹೊರತೆಗೆದು ಅದರ ತಳದ ಉಬ್ಬನ್ನು ನೇರ ಪಟ್ಟಿಯಿಟ್ಟು ಅಳೆದು, ಉರಿ ತಾಗುವ ಕಡೆಯ ಇಟ್ಟಿಗೆ ಸಂದುಗಳನ್ನು ಒಂದೊಂದಾಗಿ ನೋಡಿ, ತೆರೆದಿರುವವನ್ನು ಬೆಂಕಿಮಣ್ಣಿನಿಂದ ತುಂಬಬೇಕು. ಅದಕ್ಕೆ ಬೇಕಾದ ಇಟ್ಟಿಗೆ, ಬೆಂಕಿಮಣ್ಣು, ನಾರಿನ ಹಗ್ಗವನ್ನು ಈಗಲೇ ಕೊಂಡು ಉಗ್ರಾಣದಲ್ಲಿ ಒಣಜಾಗದಲ್ಲಿ ಇರಿಸಲಾಗಿದೆ.